ನೆತ್ತಿ ಬಯಲಾಗತೊಡಗಿದಾಗ: ಗಂಡಸರು ಕೂದಲುದುರುವಿಕೆಯನ್ನು ನಿಭಾಯಿಸುವ ಬಗೆ

ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆಯೇ ಕೂದಲು ಉದುರತೊಡಗಿತು ಎಂದು ಹೇಳದ ಯುವಕರು ಕಡಿಮೆ. ಬೋರ್‌ವೆಲ್ ನೀರು, ಟ್ಯಾಂಕರ್ ನೀರು, ಪಿ.ಜಿ. ಊಟ, ಹೆಲ್ಮೆಟ್ ಹೀಗೆ ಆರೋಪಿಗಳ ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ದುಬೈ, ದಮ್ಮಾಮ್‌ಗಳಲ್ಲಿ ದುಡಿಯುವ ನಮ್ಮ ಕರಾವಳಿಯವರು ಇದೇ ದೂರನ್ನು ಅಲ್ಲಿನ ನಲ್ಲಿಯಲ್ಲಿ ಬರುವ, ಉಪ್ಪು ತೆಗೆದ ಸಮುದ್ರದ ನೀರಿನ ಮೇಲೆ ಹೊರಿಸುತ್ತಾರೆ. ಗಡಸು ನೀರಿನಿಂದ ಕೂದಲು ಒರಟಾಗುತ್ತದೆ, ಸಿಕ್ಕುಗಟ್ಟುತ್ತದೆ, ನಡುವೆ ತುಂಡಾಗಲೂಬಹುದು. ಆದರೆ ಹಣೆಯ ಎರಡು ಮೂಲೆ ಮತ್ತು ನೆತ್ತಿಯನ್ನು ಮಾತ್ರ ಆರಿಸಿ ತೆಳುವಾಗಿಸಿ, ಕಿವಿಯ ಮೇಲಿನ ಹಾಗೂ ಹಿಂದಲೆಯ ಕೂದಲನ್ನು ಮುಟ್ಟದೆ ಬಿಡುವಷ್ಟು ವಿವೇಚನೆ ನೀರಿಗಿಲ್ಲ. ಪದವಿ ಮುಗಿಸಿ ಊರು ಬಿಡುವ ವಯಸ್ಸು ಇಪ್ಪತ್ತೆರಡರಿಂದ ಇಪ್ಪತ್ತೈದು. ವಂಶದಿಂದ ಬರುವ ಬೋಳುತನ ಅನೇಕರಲ್ಲಿ ಕಣ್ಣಿಗೆ ಕಾಣತೊಡಗುವುದೂ ಅದೇ ವಯಸ್ಸಿನಲ್ಲಿ. ಎರಡೂ ಕೂಡಿ ಬರುವುದರಿಂದ ದೂರು ಊರಿನ ಮೇಲೆ ಬೀಳುತ್ತದೆ.

ಈ ಬರಹ ಇಪ್ಪತ್ತರಿಂದ ನಲವತ್ತರ ನಡುವಿನ, ಕನ್ನಡಿಯ ಮುಂದೆ ಈಚೆಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿರುವ ಗಂಡಸರಿಗಾಗಿ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಬೋಳುತನಕ್ಕೆ ಇರುವ ಪ್ರತಿಯೊಂದು ದಾರಿಯೂ ವರ್ಷಗಟ್ಟಲೆ ನಡೆಯಬೇಕಾದ ದಾರಿಯಾದ್ದರಿಂದ, ಮುಂದಿನ ತಿಂಗಳ ಹೆಣ್ಣು ನೋಡುವ ಶಾಸ್ತ್ರಕ್ಕೆ ಯಾವುದು ಒದಗುತ್ತದೆ ಎಂಬುದಕ್ಕಿಂತ, ನಲವತ್ತೈದನೆಯ ವಯಸ್ಸಿನಲ್ಲೂ ಬೇಸರವಿಲ್ಲದೆ ಮುಂದುವರಿಸಬಲ್ಲದ್ದು ಯಾವುದು ಎಂದು ಕೇಳಿಕೊಂಡು ಆರಿಸುವುದು ಒಳ್ಳೆಯದು.

ಉದುರುವುದೆಲ್ಲ ಬೋಳುತನವಲ್ಲ

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಲ್ಲಿಸಿ, ಸುಮಾರು ಮೂರು ತಿಂಗಳು ಸುಮ್ಮನಿದ್ದು ಉದುರುತ್ತದೆ. ಅದೇ ರೋಮಕೂಪದಿಂದ ಹೊಸ ಕೂದಲು ಹುಟ್ಟುತ್ತದೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜ. ವಾರಕ್ಕೊಮ್ಮೆ ತಲೆಗೆ ಸ್ನಾನ ಮಾಡುವವರಿಗೆ ಆ ದಿನ ಬಚ್ಚಲಿನ ಜಾಲರಿಯಲ್ಲಿ ಕೂದಲಿನ ಉಂಡೆಯೇ ಕಂಡರೂ ಅದು ಇಡೀ ವಾರದ ಲೆಕ್ಕ ಒಮ್ಮೆಲೇ ಕಾಣಿಸಿಕೊಂಡದ್ದು. ಉದುರಿದ ಕೂದಲನ್ನು ಬೆಳಕಿಗೆ ಹಿಡಿದರೆ ಒಂದು ತುದಿಯಲ್ಲಿ ಬಿಳಿಯ ಸಣ್ಣ ಗುಂಡು ಕಾಣುತ್ತದೆ. ಅದನ್ನು ಕಂಡು ಬೇರು ಸಮೇತ ಕಿತ್ತುಬಂತು ಎಂದು ಹೆದರುವವರು ಬಹಳ. ಆ ಗುಂಡು, ಕೂದಲು ತನ್ನ ಅವಧಿ ಮುಗಿಸಿ ಸಹಜವಾಗಿ ಕಳಚಿಕೊಂಡಿತು ಎಂಬುದರ ಗುರುತು. ಮತ್ತೆ ಕೂದಲು ಹುಟ್ಟಿಸಬೇಕಾದ ಭಾಗ ಚರ್ಮದೊಳಗೇ ಉಳಿದಿರುತ್ತದೆ.

ವಂಶದಿಂದ ಬರುವ ಬೋಳುತನದಲ್ಲಿ ಉದುರುವ ಕೂದಲಿನ ಸಂಖ್ಯೆ ಅಷ್ಟೇನೂ ಹೆಚ್ಚಿರುವುದಿಲ್ಲ. ಅಲ್ಲಿ ಬದಲಾಗುವುದು ಮರಳಿ ಹುಟ್ಟುವ ಕೂದಲಿನ ದಪ್ಪ. ಪ್ರತಿ ಸುತ್ತಿನಲ್ಲೂ ಕೂದಲು ಹಿಂದಿನದಕ್ಕಿಂತ ತೆಳುವಾಗಿ, ಗಿಡ್ಡವಾಗಿ, ಬಣ್ಣಗೆಟ್ಟು ಹುಟ್ಟುತ್ತದೆ. ಕೊನೆಗೆ ಎಳೆಮಗುವಿನ ಮೈಮೇಲಿನ ನವಿರಿನಷ್ಟಾಗಿ ಕಣ್ಣಿಗೇ ಬೀಳುವುದಿಲ್ಲ. ಇದನ್ನು ಮನೆಯಲ್ಲೇ ನೋಡುವ ಒಂದು ಉಪಾಯವಿದೆ. ಮುಂದಿನ ಸಲ ಕ್ಷೌರಕ್ಕೆ ಹೋದಾಗ ನೆತ್ತಿಯಿಂದ ಒಂದಷ್ಟು, ಹಿಂದಲೆಯಿಂದ ಒಂದಷ್ಟು ಕೂದಲನ್ನು ಬೇರೆ ಬೇರೆಯಾಗಿ ಕತ್ತರಿಸಿ ಕೊಡುವಂತೆ ಕೇಳಿ, ಬಿಳಿಯ ಹಾಳೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಬೇಕು. ಹಿಂದಲೆಯ ಎಳೆಗಳು ಒಂದೇ ದಪ್ಪದಲ್ಲಿದ್ದು, ನೆತ್ತಿಯವುಗಳಲ್ಲಿ ಕೆಲವು ದಪ್ಪ, ಕೆಲವು ತೆಳು, ಕೆಲವು ಜೇಡರ ಬಲೆಯಂತೆ ಇದ್ದರೆ ವಂಶದ ಬೋಳುತನದ ಅನುಮಾನ ಬಲವಾಗುತ್ತದೆ. ಚರ್ಮರೋಗ ತಜ್ಞರು ಡರ್ಮೋಸ್ಕೋಪ್ ಎಂಬ ಸಣ್ಣ ಭೂತಗನ್ನಡಿಯನ್ನು ತಲೆಗೆ ಹಿಡಿದು ನೋಡುವುದೂ ಮುಖ್ಯವಾಗಿ ಇದನ್ನೇ.

ಇದಕ್ಕೆ ವಿರುದ್ಧವಾದ ಚಿತ್ರವೂ ಇದೆ. ಡೆಂಗಿ, ಟೈಫಾಯ್ಡ್, ಕೋವಿಡ್‌ನಂಥ ಜ್ವರ, ದೊಡ್ಡ ಶಸ್ತ್ರಚಿಕಿತ್ಸೆ ಅಥವಾ ಊಟ ಬಿಟ್ಟು ತೂಕ ಇಳಿಸಿದ ಎರಡು ಮೂರು ತಿಂಗಳ ನಂತರ ತಲೆಯ ಎಲ್ಲ ಭಾಗದಿಂದಲೂ ಕೂದಲು ಒಮ್ಮೆಲೇ ಉದುರತೊಡಗಬಹುದು. ಜ್ವರ ಬಂದದ್ದು ಮರೆತೇ ಹೋಗಿರುವುದರಿಂದ ಜನ ಹೊಸ ಶಾಂಪೂವನ್ನು ದೂರುತ್ತಾರೆ. ಕಾರಣ ಕಳೆದ ಮೇಲೆ ಇದು ಬಹುಪಾಲು ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ, ಕೂದಲು ಮರಳುತ್ತದೆ. ನಮ್ಮ ಊರುಗಳಲ್ಲಿ ‘ಹುಳ ತಿಂದಿದೆ’ ಎಂದು ಕರೆಯುವ, ನಾಣ್ಯದಗಲದ ನುಣುಪಾದ ಬೋಳು ಮಚ್ಚೆ ಇನ್ನೊಂದು ಬಗೆ. ಅಲ್ಲಿ ಯಾವ ಹುಳವೂ ಇರುವುದಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ರೋಮಕೂಪಗಳ ಮೇಲೆ ತಿರುಗಿಬಿದ್ದಿರುತ್ತದೆ, ಅದರ ಚಿಕಿತ್ಸೆಯೇ ಬೇರೆ. ತಲೆಯಲ್ಲಿ ನೋವು, ಉರಿ, ಕೀವು, ಹೊಳೆಯುವ ಕಲೆ ಅಥವಾ ರಂಧ್ರಗಳೇ ಕಾಣದಂತೆ ನುಣುಪಾದ ಚರ್ಮ ಇದ್ದರೆ ತಡಮಾಡದೆ ಚರ್ಮರೋಗ ತಜ್ಞರ ಬಳಿ ಹೋಗಬೇಕು, ಏಕೆಂದರೆ ಕಲೆಗಟ್ಟಿದ ಜಾಗದಲ್ಲಿ ರೋಮಕೂಪವೇ ಅಳಿದುಹೋಗುತ್ತದೆ.

ರಕ್ತಪರೀಕ್ಷೆಯ ವಿಷಯಕ್ಕೆ ಬಂದರೆ, ಹಣೆಯ ಮೂಲೆಗಳು ಹಿಂದೆ ಸರಿದು ನೆತ್ತಿ ತೆಳುವಾದ, ಬೇರೆ ತೊಂದರೆಯಿಲ್ಲದ ಯುವಕನಿಗೆ ಉದ್ದನೆಯ ‘ಹೇರ್ ಪ್ಯಾಕೇಜ್’ ಪರೀಕ್ಷೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಎಲ್ಲ ಕಡೆಯಿಂದ ಉದುರುತ್ತಿದ್ದರೆ, ಸುಸ್ತು ಅಥವಾ ತೂಕದ ಏರುಪೇರು ಇದ್ದರೆ, ವೈದ್ಯರು ಹಿಮೋಗ್ಲೋಬಿನ್, ದೇಹದಲ್ಲಿನ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ಥೈರಾಯ್ಡ್ ನೋಡಿಸುತ್ತಾರೆ. ಸಸ್ಯಾಹಾರಿಗಳಲ್ಲಿ ಬಿ12 ಕೂಡ.

ಕಾರಣ ಎಲ್ಲಿದೆ

ವೃಷಣಗಳಲ್ಲಿ ಹುಟ್ಟುವ ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನನ್ನು ದೇಹದ ಒಂದು ಕಿಣ್ವ ಡಿಎಚ್‌ಟಿ ಎಂಬ ಇನ್ನಷ್ಟು ಪ್ರಬಲ ರೂಪಕ್ಕೆ ಮಾರ್ಪಡಿಸುತ್ತದೆ. ಹುಟ್ಟಿನಿಂದಲೇ ಡಿಎಚ್‌ಟಿಗೆ ಸೂಕ್ಷ್ಮವಾಗಿರುವ ಹಣೆ ಮತ್ತು ನೆತ್ತಿಯ ರೋಮಕೂಪಗಳು ಅದರಿಂದ ಕುಗ್ಗುತ್ತವೆ, ಹಿಂದಲೆಯವು ಕುಗ್ಗುವುದಿಲ್ಲ. ಬೋಳುತಲೆಯವರಲ್ಲಿ ಗಂಡಸುತನ ಹೆಚ್ಚು ಎಂಬ ಸಮಾಧಾನದ ಮಾತಿಗೂ, ಕಡಿಮೆ ಎಂಬ ಲೇವಡಿಗೂ ಆಧಾರವಿಲ್ಲ. ವ್ಯತ್ಯಾಸ ಇರುವುದು ಹಾರ್ಮೋನಿನ ಪ್ರಮಾಣಕ್ಕಿಂತ ರೋಮಕೂಪದ ಸೂಕ್ಷ್ಮತೆಯಲ್ಲಿ. ಡೊಮಿನಿಕನ್ ರಿಪಬ್ಲಿಕ್ ದೇಶದ ಕೆಲವು ಹಳ್ಳಿಗಳಲ್ಲಿ ಆ ಕಿಣ್ವದ ಕೊರತೆಯೊಂದಿಗೇ ಹುಟ್ಟುವ ಗಂಡಸರ ಬಗ್ಗೆ ವೈದ್ಯೆ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು 1974ರಲ್ಲಿ ಬರೆದರು. ಆ ಗಂಡಸರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿತ್ತು, ಅವರಲ್ಲಿ ಬೋಳುತನ ಇರಲಿಲ್ಲ. ಮುಂದೆ ಫಿನಾಸ್ಟೆರೈಡ್ ಎಂಬ ಮಾತ್ರೆ ಹುಟ್ಟಿದ್ದು ಈ ಅರಿವಿನಿಂದ.

ಸೋದರಮಾವನ ತಲೆ ನೋಡಿ ಭವಿಷ್ಯ ಹೇಳುವ ಪದ್ಧತಿಯಲ್ಲಿ ಅರ್ಧ ಸತ್ಯವಿದೆ. ಗಂಡು ಹಾರ್ಮೋನುಗಳನ್ನು ಹಿಡಿದುಕೊಳ್ಳುವ ಆಂಡ್ರೋಜನ್ ಗ್ರಾಹಕದ ವಂಶವಾಹಿ ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನಲ್ಲಿರುವುದು ನಿಜ. ಆದರೆ ಬೋಳುತನದಲ್ಲಿ ಪಾತ್ರ ವಹಿಸುವ ವಂಶವಾಹಿಗಳು ಹಲವಾರು, ಅವು ತಂದೆಯ ಕಡೆಯಿಂದಲೂ ಬರುತ್ತವೆ. ಒಂದೇ ಮನೆಯಲ್ಲಿ ಅಣ್ಣನ ತಲೆ ತುಂಬಿದ್ದು ತಮ್ಮನ ತಲೆ ಬಯಲಾಗುವುದು ಹೀಗೆ. ಹೆಲ್ಮೆಟ್ ಇದರಲ್ಲಿ ನಿರಪರಾಧಿ. ದಯವಿಟ್ಟು ಕೂದಲಿಗಾಗಿ ಅದನ್ನು ಬಿಡಬೇಡಿ. ಜಿಮ್‌ಗಳಲ್ಲಿ ಗುಟ್ಟಾಗಿ ಸಿಗುವ ಸ್ಟೀರಾಯ್ಡ್, ಟೆಸ್ಟೋಸ್ಟೆರೋನ್ ಚುಚ್ಚುಮದ್ದುಗಳು ಮಾತ್ರ ವಂಶದಲ್ಲಿ ಬೋಳುತನ ಇರುವವರಲ್ಲಿ ಅದನ್ನು ಬೇಗ ಮುಂದಕ್ಕೆ ತರುತ್ತವೆ.

ತೀರ್ಮಾನಕ್ಕೆ ಮೊದಲು ಫೋಟೋ

ಕನ್ನಡಿ ನಂಬಲರ್ಹವಲ್ಲ. ಒಂದೇ ತಲೆ ಬಚ್ಚಲಿನ ಬಿಳಿ ದೀಪದಡಿ ಬೋಳಾಗಿಯೂ ಸಂಜೆಯ ಬೆಳಕಿನಲ್ಲಿ ತುಂಬಿಯೂ ಕಾಣುತ್ತದೆ, ಒದ್ದೆ ಕೂದಲಂತೂ ಯಾರನ್ನೂ ಬಿಡುವುದಿಲ್ಲ. ಆದ್ದರಿಂದ ಮನೆಯ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ, ಒಣಗಿದ, ಎಣ್ಣೆ ಹಾಕದ, ಹೆಚ್ಚುಕಡಿಮೆ ಒಂದೇ ಉದ್ದದ ಕೂದಲಿನಲ್ಲಿ ಮುಂಭಾಗ, ಎರಡು ಮೂಲೆ, ನೆತ್ತಿ, ಹಿಂದಲೆ ಇಷ್ಟರ ಫೋಟೋಗಳನ್ನು ಮೂರು ತಿಂಗಳಿಗೊಮ್ಮೆ ತೆಗೆದಿಡಬೇಕು. ನೆತ್ತಿಯ ಫೋಟೋವನ್ನು ಮನೆಯವರಿಂದ ತೆಗೆಸಿಕೊಳ್ಳುವುದು ಲೇಸು. ಈ ಫೋಟೋಗಳು ವೈದ್ಯರಿಗೂ ಬೇಕು, ಔಷಧ ಕೆಲಸ ಮಾಡುತ್ತಿದೆಯೇ ಎಂದು ವರ್ಷದ ನಂತರ ತಿಳಿಯಲು ನಿಮಗೂ ಬೇಕು.

ಬೋಳುತನ ಎಷ್ಟು ಮುಂದುವರಿದಿದೆ ಎಂಬುದನ್ನು ವೈದ್ಯರು ಸಂಶೋಧಕ ಹ್ಯಾಮಿಲ್ಟನ್ 1951ರಲ್ಲಿ ರೂಪಿಸಿ ನಾರ್‌ವುಡ್ 1975ರಲ್ಲಿ ತಿದ್ದಿದ ಏಳು ಹಂತಗಳ ಅಳತೆಯಲ್ಲಿ ಗುರುತಿಸುತ್ತಾರೆ. ಎರಡನೆಯ ಹಂತ, ಅಂದರೆ ಹಣೆಯ ಮೂಲೆಗಳು ಸ್ವಲ್ಪ ಹಿಂದೆ ಸರಿದಿರುವುದು, ಎಷ್ಟೋ ಗಂಡಸರಲ್ಲಿ ಹದಿಹರೆಯದ ರೇಖೆ ಪ್ರಾಯದ ರೇಖೆಯಾಗಿ ಬದಲಾದದ್ದಷ್ಟೆ; ಅದು ವರ್ಷಗಟ್ಟಲೆ ಅಲ್ಲೇ ನಿಲ್ಲಬಹುದು. ಮೂರು, ನಾಲ್ಕನೆಯ ಹಂತದಲ್ಲಿ ಔಷಧದಿಂದ ಉಳಿಸಿಕೊಳ್ಳಲು ಸಾಕಷ್ಟಿರುತ್ತದೆ. ಆರು, ಏಳಕ್ಕೆ ಬಂದವರಿಗೆ ಔಷಧದಿಂದ ಕೂದಲು ಬರುತ್ತದೆ ಎಂದು ಭರವಸೆ ಕೊಡುವವರನ್ನು ನಂಬಬಾರದು. ಖಾಸಗಿ ಕ್ಲಿನಿಕ್ಕಿನ ‘ಉಚಿತ ಸಮಾಲೋಚನೆ’ಗೆ ಹೋಗುವ ಮೊದಲು, ನಿಮಗೆ ಏನನ್ನೂ ಮಾರಬೇಕಿಲ್ಲದವರ ಅಭಿಪ್ರಾಯ ಪಡೆಯಿರಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಮುಂತಾದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಸಾಲು ಉದ್ದವಿರುತ್ತದೆ, ಆದರೆ ಅಲ್ಲಿ ಯಾರೂ ಪ್ಯಾಕೇಜ್ ಹೇಳುವುದಿಲ್ಲ.

ಔಷಧಗಳು: ಎರಡು, ಹೆಚ್ಚೆಂದರೆ ಮೂರು

ಮಿನಾಕ್ಸಿಡಿಲ್ ಮೂಲತಃ ರಕ್ತದೊತ್ತಡದ ಮಾತ್ರೆ. ಅದನ್ನು ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವ ದ್ರಾವಣ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಗಂಡಸರಿಗೆ ಸಾಮಾನ್ಯವಾಗಿ ಹೇಳುವುದು ಶೇ. 5ರ ದ್ರಾವಣ, ಬೆಳಿಗ್ಗೆ ಒಂದು ಮಿಲಿ ಲೀಟರ್, ರಾತ್ರಿ ಒಂದು ಮಿಲಿ ಲೀಟರ್. ಬಹಳ ಮಂದಿ ಇದನ್ನು ಹೇರ್ ಆಯಿಲ್ ಹಚ್ಚಿದಂತೆ ಕೂದಲಿಗೆ ಸವರಿಕೊಳ್ಳುತ್ತಾರೆ, ಅದರಿಂದ ಲಾಭವಿಲ್ಲ. ತಲೆ ಒಣಗಿರಬೇಕು, ಬಾಚಣಿಗೆಯಿಂದ ಬೈತಲೆ ತೆಗೆದು ಕಾಣುವ ಚರ್ಮದ ಮೇಲೆ ಡ್ರಾಪರ್‌ನಿಂದ ಹನಿ ಬಿಟ್ಟು, ಬೆರಳ ತುದಿಯಿಂದ ಹರಡಿ, ಪಕ್ಕದಲ್ಲಿ ಇನ್ನೊಂದು ಬೈತಲೆ ತೆಗೆಯಬೇಕು. ನಂತರ ಕೈ ತೊಳೆಯಬೇಕು, ನಾಲ್ಕು ಗಂಟೆ ತಲೆ ತೊಳೆಯಬಾರದು. ರಾತ್ರಿಯದನ್ನು ಮಲಗುವ ಎರಡು ಗಂಟೆ ಮೊದಲೇ ಹಚ್ಚದಿದ್ದರೆ ಅದು ದಿಂಬಿಗೆ ಹತ್ತಿ, ದಿಂಬಿನಿಂದ ಮುಖಕ್ಕೆ ಹತ್ತಿ, ಕೆನ್ನೆಯಲ್ಲಿ ಕೂದಲು ಮೂಡಿಸುತ್ತದೆ. ಈ ಪ್ರಮಾಣದಲ್ಲಿ 60 ಮಿಲಿ ಲೀಟರ್ ಬಾಟಲಿ ಸರಿಯಾಗಿ ಒಂದು ತಿಂಗಳಿಗೆ ಬರುತ್ತದೆ. ನಿಮ್ಮ ಬಾಟಲಿ ಮೂರು ತಿಂಗಳು ಬರುತ್ತಿದ್ದರೆ ಔಷಧ ಕೆಲಸ ಮಾಡುತ್ತಿಲ್ಲ ಎಂದು ದೂರುವಂತಿಲ್ಲ.

ಹಚ್ಚತೊಡಗಿದ ಎರಡರಿಂದ ಎಂಟು ವಾರಗಳ ನಡುವೆ ಉದುರುವುದು ಹೆಚ್ಚಾಗಬಹುದು. ಸುಮ್ಮನಿದ್ದ ಹಳೆಯ ಕೂದಲುಗಳನ್ನು ಹೊಸ ಕೂದಲು ನೂಕುವುದರಿಂದ ಹೀಗಾಗುತ್ತದೆ. ಅನೇಕರು ಔಷಧ ಬಿಡುವುದು ಇದೇ ಘಟ್ಟದಲ್ಲಿ, ಅಂದರೆ ಬಿಡಲೇಬಾರದ ಹೊತ್ತಿನಲ್ಲಿ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು, ಸರಿಯಾಗಿ ತೂಗಿ ನೋಡಲು ಒಂದು ವರ್ಷ ಬೇಕು. ನಿಲ್ಲಿಸಿದ ಮೂರು ನಾಲ್ಕು ತಿಂಗಳಲ್ಲಿ ಬಂದದ್ದು ಹೋಗುತ್ತದೆ. ತುರಿಕೆ, ಹೊಟ್ಟು ಎದ್ದರೆ ಅದಕ್ಕೆ ಹೆಚ್ಚಾಗಿ ಕಾರಣ ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್. ಅದಿಲ್ಲದ ನೊರೆಯ ರೂಪದ ಮಿನಾಕ್ಸಿಡಿಲ್ ಸಿಗುತ್ತದೆ. ಎದೆಬಡಿತ ಹೆಚ್ಚಿದರೆ, ತಲೆ ಸುತ್ತಿದರೆ, ಕಾಲು ಊದಿಕೊಂಡರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಹೃದಯದ ತೊಂದರೆ ಇರುವವರು ಕೇಳದೆ ಆರಂಭಿಸಲೇಬಾರದು. ಮನೆಯಲ್ಲಿ ಬೆಕ್ಕಿದ್ದರೆ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಮಿನಾಕ್ಸಿಡಿಲ್ ನೆಕ್ಕಿದ ಬೆಕ್ಕು ಸಾಯಬಹುದು. ಕಡಿಮೆ ಪ್ರಮಾಣದ ಮಿನಾಕ್ಸಿಡಿಲ್ ಮಾತ್ರೆಯನ್ನೂ ಈಚೆಗೆ ಅನೇಕ ತಜ್ಞರು ಬರೆದುಕೊಡುತ್ತಿದ್ದಾರೆ. ಅದು ತಜ್ಞರ ನಿಗಾದಲ್ಲಿ ಮಾತ್ರ ಸೇವಿಸಬೇಕಾದದ್ದು.

ಫಿನಾಸ್ಟೆರೈಡ್ ಮಾತ್ರೆ, ದಿನಕ್ಕೆ 1 ಮಿಲಿ ಗ್ರಾಂ, ಬೋಳುತನಕ್ಕಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1997ರಲ್ಲಿ. ಇದು ಮೇಲೆ ಹೇಳಿದ ಕಿಣ್ವವನ್ನೇ ತಡೆದು ರಕ್ತದಲ್ಲಿನ ಡಿಎಚ್‌ಟಿಯನ್ನು ಸುಮಾರು ಮೂರನೇ ಎರಡರಷ್ಟು ಇಳಿಸುತ್ತದೆ. ಐದು ವರ್ಷಗಳ ಪ್ರಯೋಗದ ಕೊನೆಗೆ ಇದನ್ನು ಸೇವಿಸಿದವರಲ್ಲಿ ಶೇ. 48ರಷ್ಟು ಮಂದಿಯ ಕೂದಲು ಹೆಚ್ಚಿತ್ತು, ಶೇ. 42ರಷ್ಟು ಮಂದಿಯದು ಇದ್ದಂತೆಯೇ ಇತ್ತು. ಔಷಧವಿಲ್ಲದ ಹುಸಿ ಮಾತ್ರೆ ಸೇವಿಸಿದವರಲ್ಲಿ ಶೇ. 75ರಷ್ಟು ಮಂದಿಯ ಕೂದಲು ಇನ್ನಷ್ಟು ಹೋಗಿತ್ತು. ಕೂದಲು ತರಿಸುವುದಕ್ಕಿಂತ ಇರುವುದನ್ನು ಹಿಡಿದು ನಿಲ್ಲಿಸುವುದರಲ್ಲಿ ಇದರ ಬಲ ಹೆಚ್ಚು ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ, ಬೇಗ ಆರಂಭಿಸಿದವರಿಗೆ ಲಾಭ ಹೆಚ್ಚಿರುವುದೂ ಅದರಿಂದಲೇ.

ಇನ್ನು ಭಯದ ಮಾತು. ಕಾಮಾಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ, ವೀರ್ಯದ ಪ್ರಮಾಣ ಇಳಿಯುವುದು ಇಂಥ ಅಡ್ಡಪರಿಣಾಮಗಳು ಮೊದಲ ವರ್ಷದ ಪ್ರಯೋಗದಲ್ಲಿ ಕಂಡದ್ದು ಶೇ. 3.8ರಷ್ಟು ಮಂದಿಯಲ್ಲಿ; ಹುಸಿ ಮಾತ್ರೆಯವರಲ್ಲೂ ಶೇ. 2.1ರಷ್ಟು ಮಂದಿ ಇದೇ ದೂರು ಹೇಳಿದ್ದರು. ಬಹುಪಾಲು ಜನರಲ್ಲಿ ಮಾತ್ರೆ ನಿಲ್ಲಿಸಿದ ಮೇಲೆ ಇವು ಹೋಗುತ್ತವೆ. ನಿಲ್ಲಿಸಿದ ಮೇಲೂ ಉಳಿದವು ಎನ್ನುವವರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆತ್ಮಹತ್ಯೆಯ ಯೋಚನೆ ಬರುವುದು ಈ ಮಾತ್ರೆಯ ಅಡ್ಡಪರಿಣಾಮ ಎಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ದೃಢಪಡಿಸಿತು. ಆದ್ದರಿಂದ ಹಿಂದೆ ಖಿನ್ನತೆ ಇದ್ದವರು ಅದನ್ನು ವೈದ್ಯರಿಗೆ ಹೇಳದೆ ಇದನ್ನು ಸೇವಿಸಬಾರದು. ಇದು ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಔಷಧ. ಅಂಗಡಿಯವರು ಕೊಟ್ಟರೂ ನೀವು ಹಾಗೆ ಕೊಳ್ಳಬೇಡಿ.

ಮನೆಯೊಳಗಿನ ಕೆಲವು ಸಂಗತಿಗಳು ಈ ಮಾತ್ರೆಯ ಜೊತೆಗೇ ಬರುತ್ತವೆ. ಹಣ ಉಳಿಸಲು ಪ್ರಾಸ್ಟೇಟ್‌ಗೆ ಕೊಡುವ 5 ಮಿಲಿ ಗ್ರಾಂ ಮಾತ್ರೆಯನ್ನು ಚಾಕುವಿನಿಂದ ತುಂಡು ಮಾಡುವವರಿದ್ದಾರೆ. ಆ ಪುಡಿಯನ್ನು ಗರ್ಭಿಣಿಯರು ಮುಟ್ಟಬಾರದು, ಹೊಟ್ಟೆಯಲ್ಲಿರುವ ಗಂಡುಮಗುವಿನ ಜನನಾಂಗದ ಬೆಳವಣಿಗೆಗೆ ಅದರಿಂದ ತೊಂದರೆಯಾಗಬಹುದು. ಇದೇ ಕಾರಣಕ್ಕೆ ಮಾತ್ರೆ ಸೇವಿಸುವವರು ರಕ್ತದಾನದ ಮೊದಲು ತಿಳಿಸಬೇಕು. ಕೊನೆಯ ಮಾತ್ರೆಯಿಂದ ಒಂದು ತಿಂಗಳಾದರೂ ಕಾಯಬೇಕಾಗುತ್ತದೆ. ಮಗುವಿಗಾಗಿ ಪ್ರಯತ್ನಿಸುತ್ತಿರುವ ದಂಪತಿ ಮೊದಲೇ ವೈದ್ಯರೊಡನೆ ಮಾತಾಡಲಿ. ವಯಸ್ಸಾದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವಿಗಾಗಿ ಮಾಡುವ ಪಿಎಸ್‌ಎ ಪರೀಕ್ಷೆಯ ಅಂಕಿಯನ್ನು ಇದು ಸುಮಾರು ಅರ್ಧಕ್ಕೆ ಇಳಿಸುವುದರಿಂದ ಪರೀಕ್ಷೆ ಬರೆದ ವೈದ್ಯರಿಗೂ ಗೊತ್ತಿರಬೇಕು. ಮಿನಾಕ್ಸಿಡಿಲ್ ಜೊತೆ ಬೆರೆಸಿ ಹಚ್ಚುವ ಫಿನಾಸ್ಟೆರೈಡ್ ಕೂಡ ಸ್ವಲ್ಪ ಮಟ್ಟಿಗೆ ರಕ್ತಕ್ಕೆ ಸೇರುತ್ತದೆ, ಅದು ಪೂರ್ತಿ ನಿರಪಾಯ ಎಂದುಕೊಳ್ಳಬಾರದು.

ಮೂರನೆಯದಾದ ಡ್ಯುಟಾಸ್ಟೆರೈಡ್ ಇನ್ನೂ ಪ್ರಬಲ. ದಕ್ಷಿಣ ಕೊರಿಯಾ, ಜಪಾನ್‌ಗಳಲ್ಲಿ ಬೋಳುತನಕ್ಕೆ ಅದಕ್ಕೆ ಒಪ್ಪಿಗೆ ಇದೆ, ಅಮೆರಿಕದಲ್ಲಿ ಇಲ್ಲ. ಮೊದಲಿಗೇ ಅದರ ಬಳಿ ಹೋಗುವ ಅಗತ್ಯ ಕಾಣುವುದಿಲ್ಲ.

ಎಣ್ಣೆ, ಗಮ್ಮಿ, ರಕ್ತದ ಚುಚ್ಚುಮದ್ದು

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯದವರು ತಯಾರಿಸುವ ಆದಿವಾಸಿ ಹೇರ್ ಆಯಿಲ್ ಮೊಣಕಾಲುದ್ದ ಕೂದಲಿನ ವಿಡಿಯೊಗಳ ಮೂಲಕ ದೇಶದೆಲ್ಲೆಡೆ ಹೆಸರಾಯಿತು. ಊರೂರು ಅಲೆಯುತ್ತಿದ್ದ ಒಂದು ಸಮುದಾಯಕ್ಕೆ ಅದರಿಂದ ಬದುಕು ಸಿಕ್ಕಿದ್ದು ಸಂತೋಷದ ಸಂಗತಿ. ಎಣ್ಣೆಯ ಪರಿಮಳ, ತಂಪು, ಕೂದಲಿಗೆ ಬರುವ ಹೊಳಪು ಬೇಕಿದ್ದವರು ಧಾರಾಳವಾಗಿ ಕೊಳ್ಳಲಿ. ಕೊಬ್ಬರಿ ಎಣ್ಣೆ ಕೂದಲಿನ ಪ್ರೋಟೀನ್ ಸೋರಿಕೆಯನ್ನು ತಗ್ಗಿಸಿ ತುಂಡಾಗುವುದನ್ನು ಕಡಿಮೆ ಮಾಡುತ್ತದೆ ಎಂಬುದಕ್ಕೆ ಆಧಾರವೂ ಇದೆ. ಆದರೆ ಆದಿವಾಸಿ ಎಣ್ಣೆಯಾಗಲಿ, ಗರಗದ ಸೊಪ್ಪಾಗಲಿ, ದಾಸವಾಳ, ಮೆಂತ್ಯ, ಈರುಳ್ಳಿ ರಸವಾಗಲಿ ಡಿಎಚ್‌ಟಿಯಿಂದ ಕುಗ್ಗಿದ ರೋಮಕೂಪವನ್ನು ಮತ್ತೆ ಹಿಗ್ಗಿಸುತ್ತವೆ ಎಂಬುದಕ್ಕೆ ನಂಬಲರ್ಹ ಪುರಾವೆಯಿಲ್ಲ. ಅವುಗಳಿಂದ ಆಗುವ ನಿಜವಾದ ನಷ್ಟ ಹಣಕ್ಕಿಂತ ಹೆಚ್ಚಾಗಿ ಕಾಲದ್ದು: ಎರಡು ವರ್ಷ ಎಣ್ಣೆ ಬದಲಿಸುತ್ತ ಕೂತವನು ವೈದ್ಯರ ಬಳಿಗೆ ಬರುವ ಹೊತ್ತಿಗೆ ಮೂರನೆಯ ಹಂತ ಐದಾಗಿರುತ್ತದೆ.

ಜಾಹೀರಾತು ಓದುವವರಿಗೆ ಉಪಯೋಗವಾಗುವ ಒಂದು ಸಂಗತಿ: ನಮ್ಮ 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ, ಯಾವ ಔಷಧವೂ ಗುಣಪಡಿಸುತ್ತೇನೆ ಎಂದು ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿಯಿದೆ, ಬೋಳುತನ ಅದರಲ್ಲಿ ಸೇರಿದೆ. ಬೋಳುತಲೆಯಲ್ಲಿ ಕೂದಲು ಗ್ಯಾರಂಟಿ ಎಂದು ಬರೆದ ಬಾಟಲಿಯನ್ನು ಅಷ್ಟಕ್ಕೇ ಕೆಳಗಿಡಬಹುದು.

ಬಯೋಟಿನ್ ಎಂಬ ವಿಟಮಿನ್ ಬೆರೆಸಿದ, ಮಿಠಾಯಿಯಂತೆ ಜಗಿಯುವ ಗಮ್ಮಿಗಳು ಬಯೋಟಿನ್ ಕೊರತೆ ಇರುವವರಿಗೆ ಮಾತ್ರ ಉಪಯೋಗ, ಆ ಕೊರತೆಯೋ ಬಹಳ ಅಪರೂಪ. ಜಾಸ್ತಿ ಪ್ರಮಾಣದ ಬಯೋಟಿನ್ ಥೈರಾಯ್ಡ್ ಮತ್ತು ಹೃದಯಾಘಾತ ಪತ್ತೆಯ ರಕ್ತಪರೀಕ್ಷೆಗಳನ್ನೇ ತಪ್ಪಾಗಿಸಬಲ್ಲದು. ಹೊಟ್ಟು, ತುರಿಕೆ ಇರುವವರಿಗೆ ಶಿಲೀಂಧ್ರ ತಡೆಯುವ ಕೀಟೋಕೊನಜೋಲ್ ಶಾಂಪೂ ಒಳ್ಳೆಯದು. ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಭಾಗವನ್ನು ತಲೆಗೆ ಚುಚ್ಚುವ ಪಿಆರ್‌ಪಿಯಿಂದ ಕೆಲವರಿಗೆ ಸ್ವಲ್ಪ ಪ್ರಯೋಜನ ಕಂಡಿದೆ. ಒಂದೊಂದು ಕ್ಲಿನಿಕ್ ಒಂದೊಂದು ಬಗೆಯಲ್ಲಿ ಮಾಡುವುದರಿಂದ ಹೋಲಿಕೆ ಕಷ್ಟ, ಮತ್ತೆ ಮತ್ತೆ ಮಾಡಿಸಬೇಕಾಗುವುದರಿಂದ ಖರ್ಚು ದೊಡ್ಡದು. ಮೇಲಿನ ಎರಡು ಔಷಧಗಳನ್ನು ಪ್ರಯತ್ನಿಸದೆ ನೇರ ಇದಕ್ಕೆ ಹೋಗುವುದರಲ್ಲಿ ಅರ್ಥ ಕಾಣುವುದಿಲ್ಲ.

ಕೂದಲು ಕಸಿ: ಕೇಳಬೇಕಾದ ಪ್ರಶ್ನೆಗಳು

ಹಿಂದಲೆಯ ಕೂದಲನ್ನು ಎಲ್ಲಿಗೆ ಒಯ್ದು ನೆಟ್ಟರೂ ಅದು ತನ್ನ ಮೂಲ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂಬುದನ್ನು ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೀಚ್ 1959ರಲ್ಲಿ ಪ್ರಕಟಿಸಿದರು. ಇಂದಿನ ಹೇರ್ ಟ್ರಾನ್ಸ್‌ಪ್ಲಾಂಟ್ ನಿಂತಿರುವುದು ಈ ತತ್ವದ ಮೇಲೆ. ಹಿಂದಲೆಯಿಂದ ಒಂದು ಪಟ್ಟಿಯನ್ನೇ ತೆಗೆದು ಬಿಡಿಸುವುದು ಒಂದು ವಿಧಾನ, ಒಂದರಿಂದ ನಾಲ್ಕು ಕೂದಲಿರುವ ಗ್ರಾಫ್ಟ್‌ಗಳನ್ನು ಬಿಡಿಬಿಡಿಯಾಗಿ ಹೊರತೆಗೆಯುವುದು ಇನ್ನೊಂದು. ನೆಟ್ಟ ಕೂದಲು ಎರಡರಿಂದ ನಾಲ್ಕು ವಾರಗಳಲ್ಲಿ ಉದುರಿ, ಮೂರು ನಾಲ್ಕು ತಿಂಗಳ ಮೇಲೆ ಮತ್ತೆ ಮೂಡಿ, ಪೂರ್ತಿ ರೂಪ ಕಾಣಲು ಒಂದು ವರ್ಷವಾಗುತ್ತದೆ.

ಇದರಿಂದ ಹೊಸ ಕೂದಲು ಹುಟ್ಟುವುದಿಲ್ಲ, ಇರುವುದರ ಜಾಗ ಬದಲಾಗುತ್ತದೆ ಅಷ್ಟೆ. ಹಿಂದಲೆಯ ದಾಸ್ತಾನು ಜೀವಮಾನಕ್ಕೆ ಇಷ್ಟೇ, ತೆಗೆದಲ್ಲಿ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ‘ಅನ್‌ಲಿಮಿಟೆಡ್ ಗ್ರಾಫ್ಟ್’ ಎಂಬ ಜಾಹೀರಾತು ಕಂಡ ಕ್ಲಿನಿಕ್ಕಿನಿಂದ ದೂರವಿರಬೇಕು. ಇಪ್ಪತ್ತೆರಡು ವಯಸ್ಸಿನವನಿಗೆ ಹದಿನಾರರ ಹಣೆರೇಖೆ ನೆಟ್ಟುಕೊಡುವವರಿಂದ ಇನ್ನೂ ದೂರವಿರಬೇಕು. ನೆಟ್ಟದ್ದು ಉಳಿದು, ಹಿಂದಿನ ಸಹಜ ಕೂದಲು ಮುಂದಿನ ಹತ್ತು ವರ್ಷಗಳಲ್ಲಿ ಹೋಗಿ, ನಡುವೆ ಬಯಲಾಗಿ ಮುಂದೆ ಮಾತ್ರ ಒಂದು ಪಟ್ಟಿ ನಿಂತ ತಲೆ ಯಾರಿಗೂ ಒಪ್ಪುವುದಿಲ್ಲ. ಒಂದು ವರ್ಷವಾದರೂ ಔಷಧದಿಂದ ಉದುರುವಿಕೆಯನ್ನು ಹಿಡಿದು ನಿಲ್ಲಿಸಿದವನಿಗೆ, ಕಸಿಯ ನಂತರವೂ ಔಷಧ ಮುಂದುವರಿಸಲು ಸಿದ್ಧನಿರುವವನಿಗೆ ಮಾತ್ರ ಇದು ಒಳ್ಳೆಯ ದಾರಿ ಎಂಬುದು ನನ್ನ ಅಭಿಪ್ರಾಯ.

ಇದು ಸಲೂನಿನ ಕೆಲಸವಲ್ಲ. 2016ರಲ್ಲಿ ಚೆನ್ನೈನಲ್ಲಿ ಕೂದಲು ಕಸಿಯ ನಂತರ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತೀರಿಕೊಂಡ. ಅದು ದೇಶದ ಕೊನೆಯ ಪ್ರಕರಣವೂ ಆಗಲಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿ, ಕ್ರಮಬದ್ಧ ಶಸ್ತ್ರಚಿಕಿತ್ಸಾ ತರಬೇತಿ ಪಡೆದ ಪ್ಲಾಸ್ಟಿಕ್ ಸರ್ಜರಿ ಅಥವಾ ಚರ್ಮರೋಗ ತಜ್ಞರಂಥವರೇ ಇದನ್ನು ಮಾಡಬೇಕೆಂದೂ, ಕಾರ್ಯಾಗಾರದಲ್ಲಿ ಅಥವಾ ಯೂಟ್ಯೂಬ್‌ನಲ್ಲಿ ನೋಡಿ ಕಲಿತದ್ದು ತರಬೇತಿಯಲ್ಲವೆಂದೂ ಹೇಳಿತು. ಅಂಥ ಮಾತನ್ನು ಒಂದು ಆಯೋಗ ಬರೆದು ಹೇಳಬೇಕಾಯಿತು ಎಂಬುದರಿಂದಲೇ ಸ್ಥಿತಿ ಅರ್ಥವಾಗುತ್ತದೆ. ಹಾಗಾಗಿ ಮುಂಗಡ ಕೊಡುವ ಮೊದಲು ನೇರವಾಗಿ ಕೇಳಿ: ಗ್ರಾಫ್ಟ್ ತೆಗೆಯುವವರು ಯಾರು, ತಂತ್ರಜ್ಞರೋ ವೈದ್ಯರೋ? ವೈದ್ಯರ ಹೆಸರು, ಪದವಿ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು? ಮರಗಟ್ಟಿಸುವ ಚುಚ್ಚುಮದ್ದು ಒಗ್ಗದೆ ಹೋದರೆ ನಿಭಾಯಿಸಲು ಆಮ್ಲಜನಕ, ತುರ್ತು ಔಷಧ, ತರಬೇತಿ ಪಡೆದವರು ಅಲ್ಲೇ ಇರುತ್ತಾರೆಯೇ? ನನ್ನಷ್ಟೇ ಬೋಳಾಗಿದ್ದವರ ಒಂದು ವರ್ಷದ ನಂತರದ ಫೋಟೋ ತೋರಿಸುತ್ತೀರಾ? ಉತ್ತರ ಕೊಡಲು ಸೇಲ್ಸ್‌ನವರನ್ನೇ ಮುಂದೆ ಬಿಟ್ಟರೆ, ಇವತ್ತೇ ಬುಕ್ ಮಾಡ್ಬಿಡಿ ಸಾರ್, ಡಿಸ್ಕೌಂಟ್ ಇದೆ ಎಂದರೆ, ಎದ್ದು ಬನ್ನಿ. ಸಾಮಾನ್ಯವಾಗಿ ಆರೋಗ್ಯ ವಿಮೆ ಇಂಥ ಸೌಂದರ್ಯ ಚಿಕಿತ್ಸೆಗೆ ಹಣ ಕೊಡುವುದಿಲ್ಲ, ಆರೋಗ್ಯ ಸೇವೆಗಿರುವ ಜಿಎಸ್‌ಟಿ ವಿನಾಯಿತಿಯೂ ಇದಕ್ಕಿಲ್ಲ; ತೆರಿಗೆ ಸೇರಿಸಿದ ಒಟ್ಟು ಮೊತ್ತವನ್ನು ಬರೆಸಿಕೊಳ್ಳಿ.

ಬಿಟ್ಟುಬಿಡುವುದು, ಬೋಳಿಸುವುದು, ಧರಿಸುವುದು

ಏನೂ ಮಾಡದಿರುವುದೂ ಪೂರ್ಣ ಪ್ರಮಾಣದ ತೀರ್ಮಾನವೇ. ಬೋಳುತನ ಕಾಯಿಲೆಯಲ್ಲ, ಚಿಕಿತ್ಸೆ ಪಡೆಯದಿದ್ದರೆ ಕೂದಲು ಹೋಗುತ್ತದೆ ಎಂಬುದನ್ನು ಬಿಟ್ಟರೆ ಬೇರೆ ಅಪಾಯವಿಲ್ಲ. ಹೀಗೆ ನಿರ್ಧರಿಸಿದವರು ಒಂದು ಬದಿಯ ಕೂದಲನ್ನು ಉದ್ದ ಬಿಟ್ಟು ನೆತ್ತಿಯ ಮೇಲೆ ಹೊದಿಸುವ ಆಸೆಯನ್ನು ಮಾತ್ರ ಬಿಡಬೇಕು, ಬಿ.ಎಂ.ಟಿ.ಸಿ. ಬಸ್ಸಿನ ಕಿಟಕಿಯ ಗಾಳಿ ಅದನ್ನು ಉಳಿಯಗೊಡುವುದಿಲ್ಲ. ಇಡೀ ತಲೆಗೆ ಒಂದನೆಯ ಅಥವಾ ಎರಡನೆಯ ನಂಬರ್ ಮಷೀನ್ ಹಾಕಿಸಿ, ಗಡ್ಡವನ್ನು ಅದಕ್ಕೆ ಹೊಂದುವಂತೆ ಟ್ರಿಮ್ ಮಾಡಿಸಿದರೆ ತೆಳುವಾದ ಭಾಗಕ್ಕೂ ತುಂಬಿದ ಭಾಗಕ್ಕೂ ಇರುವ ಅಂತರ ಎದ್ದು ಕಾಣುವುದಿಲ್ಲ.

ಪೂರ್ತಿ ಬೋಳಿಸಲು ನಮ್ಮಲ್ಲಿ ಒಂದು ತೊಡಕಿದೆ. ತಲೆ ಬೋಳಿಸಿಕೊಂಡು ಊರಿಗೆ ಹೋದವನನ್ನು ಎದುರಾದವರು ಮೊದಲು ಕೇಳುವುದೇ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು. ತಂದೆ ತಾಯಿ ಇರುವಾಗ ಇದೇನು ಅಪಶಕುನ ಎಂದು ಅಜ್ಜಿ ಅಳುವುದೂ ಉಂಟು. ಇದಕ್ಕೆ ಪರಿಹಾರವೂ ನಮ್ಮಲ್ಲೇ ಇದೆ. ಧರ್ಮಸ್ಥಳದಲ್ಲೋ ಮಲೆ ಮಹದೇಶ್ವರ ಬೆಟ್ಟದಲ್ಲೋ ತಿರುಪತಿಯಲ್ಲೋ ಮುಡಿ ಕೊಟ್ಟು ಬಂದರೆ ಯಾರೂ ಏನೂ ಕೇಳುವುದಿಲ್ಲ. ಬೋಳುತಲೆ ತನಗೆ ಒಪ್ಪುತ್ತದೆಯೇ, ಕಚೇರಿಯಲ್ಲಿ ಹೇಗನ್ನಿಸುತ್ತದೆ ಎಂದು ನೋಡಿಕೊಳ್ಳಲು ಒಂದೆರಡು ತಿಂಗಳ ಅವಕಾಶ ಸಿಗುತ್ತದೆ. ಮುಡಿ ಕೊಟ್ಟರೆ ಕೂದಲು ದಟ್ಟವಾಗಿ ಬರುತ್ತದೆ ಎಂಬ ಮಾತನ್ನು ಮಾತ್ರ ನಂಬಬೇಡಿ. ಕತ್ತರಿಸಿದ ಮೊಂಡು ತುದಿ ಕೈಗೆ ದಪ್ಪ ಅನ್ನಿಸುತ್ತದೆ, ಚರ್ಮದೊಳಗಿನ ರೋಮಕೂಪಕ್ಕೆ ಕತ್ತಿ ತಾಗಿರುವುದೇ ಇಲ್ಲ.

ಬೋಳಾದ ಜಾಗಕ್ಕೆ ಅಂಟಿಸುವ ಕೂದಲಿನ ಹೊದಿಕೆ, ಅಂದರೆ ಹೇರ್ ಪ್ಯಾಚ್, ಧರಿಸುವವರು ಮೂರು ನಾಲ್ಕು ವಾರಗಳಿಗೊಮ್ಮೆ ಅದನ್ನು ಬಿಚ್ಚಿ, ಅಂಟು ತೆಗೆದು, ಚರ್ಮ ತೊಳೆದು ಮತ್ತೆ ಕೂರಿಸಿಕೊಳ್ಳಬೇಕಾಗುತ್ತದೆ. ಮಂಗಳೂರು, ಕಾರವಾರದಂಥ ಸೆಕೆಯ ಊರಿನಲ್ಲಿ ಬೆವರಿಗೆ ಅಂಟು ಬೇಗ ಬಿಡುತ್ತದೆ, ತುರಿಕೆಯೂ ಹೆಚ್ಚು. ಮದುವೆಯ ಮಾತುಕತೆಯಲ್ಲಿರುವವರು ಪ್ಯಾಚ್ ಇದ್ದರೆ, ಕಸಿ ಆಗಿದ್ದರೆ ಅಥವಾ ಮಾತ್ರೆ ಸೇವಿಸುತ್ತಿದ್ದರೆ ನಿಶ್ಚಿತಾರ್ಥಕ್ಕೆ ಮೊದಲೇ ಹುಡುಗಿಗೆ ಹೇಳಿಬಿಡಬೇಕು. ನಂತರ ಗೊತ್ತಾದಾಗ ಜಗಳವಾಗುವುದು ಕೂದಲಿನ ವಿಷಯಕ್ಕಲ್ಲ, ಮುಚ್ಚಿಟ್ಟದ್ದಕ್ಕೆ. ವಧುವರರ ಜಾಲತಾಣಕ್ಕೆ ಐದು ವರ್ಷ ಹಳೆಯ ಫೋಟೋ ಹಾಕುವುದೂ ಇದೇ ಸಾಲಿಗೆ ಸೇರುತ್ತದೆ.

ಲೇವಡಿ ಮಾಡುವ ಗೆಳೆಯರಿಗೆ ನೀವು ಏನು ನಿರ್ಧರಿಸಿದ್ದೀರಿ ಎಂಬುದನ್ನು ಒಮ್ಮೆ ನೇರವಾಗಿ ಹೇಳಿದರೆ ಆ ವಿಷಯ ಬೇಗ ಸವೆಯುತ್ತದೆ. ಆದರೆ ಕೂದಲಿನ ಚಿಂತೆಯಿಂದ ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟಿದ್ದರೆ, ನಿದ್ದೆ ಹೋಗಿದ್ದರೆ, ದಿನಕ್ಕೆ ಹತ್ತಾರು ಸಲ ಫೋನ್ ಕ್ಯಾಮೆರಾದಲ್ಲಿ ನೆತ್ತಿ ನೋಡಿಕೊಳ್ಳುವಂತಾಗಿದ್ದರೆ, ಅದು ಚರ್ಮರೋಗ ತಜ್ಞರೊಬ್ಬರಿಂದ ಮಾತ್ರ ಬಗೆಹರಿಯುವ ತೊಂದರೆಯಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಯಾವ ದಾರಿ ಹಿಡಿದರೂ ಬಯಲಾದ ನೆತ್ತಿಗೆ ಬಿಸಿಲಿನ ರಕ್ಷಣೆ ಬೇಕು. ಹೊರಗೆ ಓಡಾಡುವವರು ಟೋಪಿ ಹಾಕಿಕೊಳ್ಳಲಿ, ಅಥವಾ ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಅನ್ನು ಮುಖಕ್ಕೆ ಹಚ್ಚುವಾಗ ತಲೆಗೂ ಹಚ್ಚಲಿ. ಹೆಲ್ಮೆಟ್ಟಿನ ಒಳಗೆ ತೆಳ್ಳನೆಯ ಹತ್ತಿ ಬಟ್ಟೆ ಕಟ್ಟಿಕೊಂಡರೆ ಬೆವರು ಹೀರುತ್ತದೆ, ಆ ಬಟ್ಟೆಯನ್ನು ದಿನವೂ ಒಗೆಯಬೇಕು. ಬೋಳಾದ ಜಾಗದಲ್ಲಿ ವಾರಗಟ್ಟಲೆ ಮಾಯದ ಹುಣ್ಣು, ಒರಟಾದ ಹಕ್ಕಳೆ ಅಥವಾ ಬೆಳೆಯುತ್ತಿರುವ ಮಚ್ಚೆ ಕಂಡರೆ ಅದನ್ನು ಚರ್ಮರೋಗ ತಜ್ಞರಿಗೆ ತೋರಿಸಿ.